ಸೋಡಿಯಂ ಬೆಂಜೋಯೇಟ್: ಚಿಟಿಕೆ ಲೆಕ್ಕ ಬೇಡ, ಗ್ರಾಂ ಲೆಕ್ಕ ಇರಲಿ

ಟೊಮೆಟೊ ದರ ಬಿದ್ದಾಗ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಸ್ವಸಹಾಯ ಸಂಘದ ಅಕ್ಕಂದಿರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಸಾಸ್ ಮಾಡ್ತೀವ್ರಿ, ಆದ್ರ ಬೂಷ್ಟು ಹಿಡೀತದ. ಆ ಬಿಳಿ ಪುಡಿ ಎಷ್ಟು ಹಾಕಬೇಕ್ರಿ?"

ಆ ಬಿಳಿ ಪುಡಿಯೇ ಸೋಡಿಯಂ ಬೆಂಜೋಯೇಟ್. ಪೊಟ್ಟಣದ ಮೇಲೆ ಐಎನ್‌ಎಸ್ 211 ಎಂದಿರುತ್ತದೆ. ಹುಳಿಯಲ್ಲಿ ಇದು ಬೆಂಜೋಯಿಕ್ ಆಮ್ಲವಾಗಿ ಬೂಷ್ಟು, ಯೀಸ್ಟ್‌ಗಳ ಜೀವಕೋಶದೊಳಗೆ ಹೊಕ್ಕು ಬೆಳವಣಿಗೆ ತಡೆಯುತ್ತದೆ. ಪಿಎಚ್ 4.5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಸಾಸ್‌ಗೆ ವಿನೆಗರ್ ಬೇಕು. ಹಾಲು, ಶೇಂಗಾ ಚಟ್ನಿಗೆ ಹಾಕಿದರೆ ಉಪಯೋಗವಿಲ್ಲ.

ಎಷ್ಟು ಹಾಕಬೇಕು?
1955ರ ಹಣ್ಣು ಉತ್ಪನ್ನ ಆದೇಶದಲ್ಲಿ ಬೆಂಜೋಯಿಕ್ ಆಮ್ಲದ ಮಿತಿ ಕಿಲೋಗೆ ಸಾಸ್‌ಗೆ 750, ಸ್ಕ್ವಾಷ್‌ಗೆ 600, ಉಪ್ಪಿನಕಾಯಿಗೆ 250 ಮಿಲಿಗ್ರಾಂ ಇತ್ತು. ಕಿಲೋ ಸಾಸ್‌ಗೆ 0.75 ಗ್ರಾಂ ಸೋಡಿಯಂ ಬೆಂಜೋಯೇಟ್ ಹಾಕಿದರೆ ಆ ಮಿತಿಯೊಳಗೇ ಇರ್ತೀರಿ. ಮಾರುವ ಮುನ್ನ ಈಗಿನ ಎಫ್‌ಎಸ್‌ಎಸ್‌ಎಐ ನಿಯಮ ನೋಡಿಕೊಳ್ಳಿ.

ಅಳೆಯುವುದು ಹೇಗೆ?
ಅಡುಗೆಮನೆ ತಕ್ಕಡಿಯಲ್ಲಿ ಒಂದು ಗ್ರಾಂ ತೂಗುವುದು ಆಗದ ಮಾತು. 100 ಗ್ರಾಂ ಪುಡಿಯನ್ನು ಕುದಿಸಿ ಆರಿಸಿದ ನೀರಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿ. ಇದರ 10 ಮಿಲಿಯಲ್ಲಿ ಒಂದು ಗ್ರಾಂ ಇರುತ್ತದೆ. ಕಿಲೋ ಸಾಸ್‌ಗೆ 7.5 ಮಿಲಿ ಸಾಕು. ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆಯಿರಿ. ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿ ಚೆನ್ನಾಗಿ ಕಲಸಿ. ದ್ರಾವಣದ ಬಾಟಲಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.

ಯಾವುದಕ್ಕೆ ಯಾವುದು?
ಟೊಮೆಟೊ, ದಾಳಿಂಬೆ, ನೇರಳೆಯಂಥ ಬಣ್ಣದ ಪದಾರ್ಥಕ್ಕೆ ಬೆಂಜೋಯೇಟ್ ಸರಿ. ಕೆಎಂಎಸ್ ಹಾಕಿದರೆ ಬಣ್ಣ ಮಾಸುತ್ತದೆ. ನಿಂಬೆ, ಮಾವಿನ ಸ್ಕ್ವಾಷ್‌ಗೆ ಕೆಎಂಎಸ್ ವಾಡಿಕೆ. ವಿಟಮಿನ್ ಸಿ ಜೊತೆ ಬೆಂಜೋಯೇಟ್ ಇದ್ದು ಬಿಸಿಲು, ಶಾಖ ತಗುಲಿದರೆ ತುಸು ಬೆಂಜೀನ್ ಹುಟ್ಟಬಹುದು. ಅದು ಕ್ಯಾನ್ಸರ್‌ಕಾರಕ. ಬಾಟಲಿಗಳನ್ನು ತಂಪಾದ, ಕತ್ತಲೆ ಜಾಗದಲ್ಲೇ ಇಡಿ.

ಈ ಪುಡಿ ಕೊಳೆತ ಹಣ್ಣನ್ನು ಒಳ್ಳೆಯದು ಮಾಡೋದಿಲ್ಲ, ತೊಳೆಯದ ಬಾಟಲಿಯನ್ನೂ ಕಾಯೋದಿಲ್ಲ. ಉಪ್ಪು ಹುಳಿ ಸರಿಯಾಗಿ ಬಿದ್ದ ರಂಜಕ, ಉಪ್ಪಿನಕಾಯಿಗೆ ಇದರ ಹಂಗೇ ಬೇಕಿಲ್ಲ. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಲೇಬಲ್ ಮೇಲೆ ಸಂರಕ್ಷಕದ ಹೆಸರು ಬರೆಯಿರಿ. ತರಬೇತಿಗೆ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.