ಮೊದಲು ವೈರ್ ನೋಡಿ!

ಮಗನಿಗೆ ಆನ್‌ಲೈನ್ ಪರೀಕ್ಷೆ, ಯಜಮಾನರಿಗೆ ಆಫೀಸಿನ ಮೀಟಿಂಗ್. ಅಷ್ಟರಲ್ಲಿ ನೆಟ್ ಮಾಯ! ನಿಮ್ಮ ಮನೆಯಲ್ಲೂ ಹೀಗಾಗುತ್ತದಲ್ಲವೇ? ಎಲ್ಲರೂ ಸಿಕ್ಕಿದ್ದನ್ನೆಲ್ಲ ಒತ್ತತೊಡಗುತ್ತಾರೆ. ನಾನು ಮಾತ್ರ ಸೌಟು ಕೆಳಗಿಟ್ಟು ರೂಟರಿನ ಹಿಂದೆ ಇಣುಕುತ್ತೇನೆ.

ಈ ಬುದ್ಧಿ ಪುಸ್ತಕ ಓದಿ ಬಂದದ್ದಲ್ಲ. ಬಿ.ಎ. ಮುಗಿಸಿ ಮದುವೆಗೆ ಮುಂಚೆ ಎರಡು ವರ್ಷ, ಹುಣಸೂರು ತಾಲ್ಲೂಕಿನ ನಮ್ಮ ಗಾವಡಗೆರೆ ಕಡೆ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪಹಣಿ 2001ರ ಹೊತ್ತಿಗೇ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದಿತ್ತು. 2012ರ ಕೊನೆಗೆ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೂ ಶುರುವಾದವು. ಜಾತಿ, ಆದಾಯ ಪ್ರಮಾಣಪತ್ರ ಅಲ್ಲಿ ಮಾಡಿಸಿಕೊಂಡು, ಆನ್‌ಲೈನ್ ಅರ್ಜಿ ತುಂಬಿಸಲು ಜನ ನಮ್ಮಲ್ಲಿಗೆ ಬರೋರು. ನನಗೆ ಗೊತ್ತಿದ್ದದ್ದು ಟೈಪಿಂಗ್ ಒಂದೇ!

ಅವತ್ತು ವಿದ್ಯಾರ್ಥಿವೇತನದ ಅರ್ಜಿಗೆ ಕಡೇ ದಿನ. ಹೊಗೆಸೊಪ್ಪು ಬೇಯಿಸುವ ಕಾಲ ಬೇರೆ. ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಲು ಪಕ್ಕದವರಿಗೆ ಹೇಳಿ, ತಾಯಿಯೊಬ್ಬರು ಮಗಳನ್ನು ಕರೆತಂದಿದ್ದರು. ನೆಟ್ ಇಲ್ಲ. ಕಂಪ್ಯೂಟರನ್ನು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ಕಂಪನಿಗೆ ಫೋನ್ ಮಾಡಿ ಜಗಳವಾಡಿದೆ. ತೋಚಿದ ಸೆಟ್ಟಿಂಗೆಲ್ಲ ಬದಲಿಸಿದೆ. ಸಂಜೆ ಮಾಲೀಕರು ಬಂದು ಮೇಜಿನ ಕೆಳಗೆ ಬಗ್ಗಿದರು. ಬೆಳಿಗ್ಗೆ ಗುಡಿಸುವಾಗ ನನ್ನ ಪೊರಕೆ ತಗುಲಿ ಮೋಡೆಮ್ಮಿನ ವೈರ್ ಸಡಿಲವಾಗಿತ್ತು! ಸಿಕ್ಕಿಸಿದ್ದೇನೋ ಆಯಿತು, ಆದರೆ ನಾನು ಏನೇನು ಬದಲಿಸಿದ್ದೆನೋ ನನಗೇ ನೆನಪಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಅರ್ಜಿಯ ವೇಳೆ ಮುಗಿದಿತ್ತು.

“ಹೋಗ್ಲಿ ಬುಡವ್ವ, ಮುಂದಿನ್ ವರ್ಸ ಹಾಕಂಡ್ರಾಯ್ತು” ಎಂದರು ಆ ತಾಯಿ. ಬೈದಿದ್ದರೇ ವಾಸಿಯಿತ್ತು.

ಹಾಗಾಗಿ ನೆಟ್ ಹೋದಾಗ ಮೊದಲು ಪ್ಲಗ್, ವೈರ್ ನೋಡಿ. ಫೈಬರ್ ವೈರನ್ನು ಮಾತ್ರ ಎಳೆಯಬೇಡಿ, ಮಡಿಸಬೇಡಿ, ಒಳಗಿನ ಎಳೆ ಗಾಜಿನದು. ವೈರ್ ಸರಿಯಿದ್ದರೆ ರೂಟರಿನ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ದೀಪಗಳು ನಿಲ್ಲುವವರೆಗೆ ಕಾಯಿರಿ. ನಮಗೆ ತಾಳ್ಮೆ ಕಡಿಮೆಯಾಗುವುದು ಇಲ್ಲೇ ನೋಡಿ! ಎಲ್‌ಓಎಸ್ ಎಂದಿರುವ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದರ್ಥ. ಮನೆಯಲ್ಲಿ ಒದ್ದಾಡಿ ಪ್ರಯೋಜನವಿಲ್ಲ, ಕಂಪನಿಗೇ ತಿಳಿಸಿ. ಸೆಟ್ಟಿಂಗ್ ಮುಟ್ಟಲೇಬೇಕಾದರೆ ಒಂದೊಂದನ್ನೇ ಮುಟ್ಟಿ, ಮುಂಚೆ ಏನಿತ್ತೆಂದು ಬರೆದಿಡಿ. ಹಾಲಿನ ಲೆಕ್ಕದ ಪುಸ್ತಕವಾದರೂ ನಡೆದೀತು!

ಇನ್ನೊಂದು ಮಾತು. ಕಂಪನಿಯ ಫೋನ್ ನಂಬರನ್ನು ಬಿಲ್ಲಿನಲ್ಲಿ ನೋಡಿಕೊಳ್ಳಿ, ಗೂಗಲ್‌ನಲ್ಲಿ ಹುಡುಕಬೇಡಿ. “ಈ ಆಪ್ ಹಾಕ್ಕೊಳ್ಳಿ ಮೇಡಂ, ಇಲ್ಲಿಂದಲೇ ಸರಿಮಾಡ್ತೀವಿ, ಒಟಿಪಿ ಹೇಳಿ” ಎನ್ನುವವರು ಸಿಕ್ಕರೆ ಕಟ್ ಮಾಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನೆಯವರು ಬೈದಾರೆಂದು ಮುಚ್ಚಿಡಬೇಡಿ.

ನಮ್ಮ ಅತ್ತೆಯವರಿಗೂ ದೀಪ ನೋಡುವುದನ್ನು ಹೇಳಿಕೊಟ್ಟಿದ್ದೇನೆ. ಈಗ ನೆಟ್ ಹೋದರೆ, “ಕೆಂಪು ಉರೀತಾ ಇದೆ ಕಣೇ, ಫೋನ್ ಮಾಡು!” ಎಂದು ಹಾಲಿನಿಂದಲೇ ಕೂಗುತ್ತಾರೆ.