ಭೇಟಿ ವೀಸಾ ಉದ್ಯೋಗದ ಪರವಾನಗಿಯಲ್ಲ

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಸಾಲ ತೀರಿಸಬೇಕೆಂದು, ಮಕ್ಕಳನ್ನು ಓದಿಸಬೇಕೆಂದು ಹೊರಡುವ ಕುಶಲಕರ್ಮಿಗಳಿಗೆ ಕೆಲವು ಮಧ್ಯವರ್ತಿಗಳು ಒಂದೇ ಮಾತು ಹೇಳುತ್ತಾರೆ: “ಈಗ ಭೇಟಿ ವೀಸಾದ ಮೇಲೆ ಹೋಗಿ, ಕೆಲಸದ ವೀಸಾ ಅಲ್ಲಿಯೇ ಆಗುತ್ತದೆ.” ಈ ಮಾತನ್ನು ನಂಬಿ ವಿಮಾನವೇರಿದವರು ಪರದೇಶದಲ್ಲಿ ಕಾನೂನಿನ ಆಸರೆಯನ್ನೇ ಕಳೆದುಕೊಳ್ಳುವ ಸಂಭವವುಂಟು.

ವೀಸಾ ಎಂಬುದು ನಿರ್ದಿಷ್ಟ ಉದ್ದೇಶಕ್ಕೆ ನೀಡಲಾಗುವ ಅನುಮತಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಭೇಟಿ ವೀಸಾ ಪಡೆದವರು ಉದ್ಯೋಗ ಪರವಾನಗಿಯಿಲ್ಲದೆ ದುಡಿಯುವುದು ಕಾನೂನುಬಾಹಿರ. ದಂಡ, ಗಡೀಪಾರು ಎರಡಕ್ಕೂ ಅವಕಾಶವಿದೆ. ಅಂಥವರ ವೇತನವನ್ನು ಮಾಲೀಕನು ತಡೆಹಿಡಿದರೆ ತೋರಿಸಲು ನೋಂದಾಯಿತ ಕರಾರುಪತ್ರವಿಲ್ಲ. ದೂರು ಕೊಡಲು ಹೋದರೆ ತಾವೇ ಸಿಕ್ಕಿಬೀಳುವ ಭಯ.

ಇಂಥ ಶೋಷಣೆಯನ್ನು ತಡೆಯಲೆಂದೇ 1983ರ ವಲಸೆ ಕಾಯಿದೆ ರೂಪುಗೊಂಡಿತು. ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇ.ಸಿ.ಆರ್.’, ಅಂದರೆ ವಲಸೆ ಅನುಮತಿ ಅವಶ್ಯ, ಎಂದು ನಮೂದಾಗಿರುತ್ತದೆ. ಇವರು ಎಮಿರೇಟ್ಸ್, ಸೌದಿ ಅರೇಬಿಯ, ಕುವೈತ್, ಮಲೇಷ್ಯ ಮೊದಲಾದ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ ವಲಸಿಗರ ಸಂರಕ್ಷಕರ ಅನುಮತಿ ಪಡೆಯತಕ್ಕದ್ದು. ಮುಂಬಯಿ, ಚೆನ್ನೈ, ಹೈದರಾಬಾದ್ ಮತ್ತು ದೆಹಲಿಯಲ್ಲಿ ಸಂರಕ್ಷಕರ ಕಚೇರಿಗಳಿವೆ. ಈ ಅನುಮತಿಯ ಜೊತೆಗೆ, ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವಿಕಲತೆ ಸಂಭವಿಸಿದಲ್ಲಿ 10 ಲಕ್ಷ ರೂಪಾಯಿ ನೀಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ರಕ್ಷಣೆಯೂ ದೊರೆಯುತ್ತದೆ. ಪ್ರವಾಸಕ್ಕೆ ಹೋಗುವವರಿಗೆ ವಲಸೆ ಅನುಮತಿ ಬೇಕಿಲ್ಲ. ಮಧ್ಯವರ್ತಿಗಳು ದುರುಪಯೋಗ ಮಾಡಿಕೊಳ್ಳುವುದು ಈ ವಿನಾಯಿತಿಯನ್ನೇ.

ಹತ್ತನೆಯ ತರಗತಿ ಮುಗಿಸಿದವರಿಗೆ ವಲಸೆ ಅನುಮತಿ ಬೇಡವಾದರೂ ಆ ದೇಶದ ಉದ್ಯೋಗ ಪರವಾನಗಿ ಬೇಕೇ ಬೇಕು ಎಂಬುದನ್ನು ಮರೆಯಬಾರದು.

ಹಣ ಕೊಡುವ ಮುನ್ನ ನೇಮಕಾತಿ ಏಜೆಂಟರು ನೋಂದಾಯಿತರೇ ಎಂಬುದನ್ನು ವಿದೇಶಾಂಗ ಮಂತ್ರಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬೇಕು. ಅವರ ಸೇವಾಶುಲ್ಕವು 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಯನ್ನು ಮೀರತಕ್ಕದ್ದಲ್ಲ; ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನಿನನ್ವಯ ನೇಮಕಾತಿಯ ವೆಚ್ಚವನ್ನು ಮಾಲೀಕನು ಕಾರ್ಮಿಕನಿಂದ ವಸೂಲು ಮಾಡುವಂತಿಲ್ಲ.

ವೇತನ, ಕೆಲಸದ ವೇಳೆ, ವಸತಿ ಮತ್ತು ಮರಳುವ ಪ್ರಯಾಣದ ವಿವರಗಳುಳ್ಳ ಕರಾರುಪತ್ರವನ್ನು ಓದಿಸಿ, ಅರ್ಥಮಾಡಿಕೊಂಡ ನಂತರವೇ ಸಹಿ ಮಾಡಬೇಕು. ಅದರ ಮತ್ತು ವೀಸಾದ ಪ್ರತಿಗಳು ಮನೆಯವರ ಬಳಿಯೂ ಇರಲಿ. ಈಗಾಗಲೇ ವಂಚನೆಗೊಳಗಾಗಿ ಪರದೇಶದಲ್ಲಿರುವವರು ಹೆದರಿ ಅಡಗಿಕೊಳ್ಳದೆ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸುವುದು ಕ್ಷೇಮಕರ. ದುಬೈ, ರಿಯಾದ್ ಮುಂತಾದೆಡೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳೂ ಇವೆ.