ಸೀಟಿನ ಹಿಂದೆ ಎಂಜಿನ್, ಮೂತಿಯಲ್ಲಿ ರೇಡಿಯೇಟರ್

ಎಂಜಿ ಎಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2019ರಲ್ಲಿ ಭಾರತದ ರಸ್ತೆಗಿಳಿದ ಹೆಕ್ಟರ್. ಅದೇ ಲಾಂಛನ ಹೊತ್ತು 1995ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಹೊರಬಂದ ಎಂಜಿಎಫ್ ಬೇರೆಯೇ ಜಾತಿಯ ಗಾಡಿ. ಎರಡೇ ಸೀಟು, ಮಡಚಿಡುವ ಬಟ್ಟೆಯ ಚಾವಣಿ, ಸೀಟಿನ ಬೆನ್ನಿಗೇ 1.8 ಲೀಟರಿನ ಎಂಜಿನ್. ತಿರುವುಗಳಲ್ಲಿ ಅದು ನೆಲ ಕಚ್ಚಿಕೊಂಡು ಓಡುವ ಬಗೆಗೆ ಮನಸೋತವರು ಇಂದಿಗೂ ಇದ್ದಾರೆ. ಆದರೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದರ ಬೆಲೆ ಬಹುಕಾಲ ನೆಲಕಚ್ಚಿತ್ತು. ಅದಕ್ಕೆ ಮುಖ್ಯ ಕಾರಣ ಒಂದು ಅಪಖ್ಯಾತಿ: 'ಅದರ ಹೆಡ್ ಗ್ಯಾಸ್ಕೆಟ್ ಹೋಗುತ್ತೆ.'

ಅಪಖ್ಯಾತಿ ಸುಳ್ಳಲ್ಲ. ಆದರೆ ಅದು ಅರ್ಧ ಕಥೆ. ಈ ಎಂಜಿನ್ ನೀರಿನ ವಿಷಯದಲ್ಲಿ ಉದಾಸೀನವನ್ನು ಕ್ಷಮಿಸುವುದಿಲ್ಲ. ನೀರು ಸರಿಯಾಗಿದ್ದು, ಬಿಸಿ ಒಂದೇ ಮಟ್ಟದಲ್ಲಿದ್ದರೆ ಗ್ಯಾಸ್ಕೆಟ್ ವರ್ಷಗಟ್ಟಲೆ ಬಾಳುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಾರಾಂತ್ಯಕ್ಕೊಂದು ಹಳೆಯ ಸ್ಪೋರ್ಟ್ಸ್ ಕಾರು ಇರಲಿ ಎನ್ನುವವರಿಗೆ ಇದು ನೇರವಾಗಿ ಬೇಕಾದ ವಿಷಯ. ಅಲ್ಯೂಮಿನಿಯಂ ಎಂಜಿನ್ನಿನ ಯಾವುದೇ ಕಾರು ಇಟ್ಟುಕೊಂಡವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಎಂಜಿನ್ನಿನ ಕೆಳಭಾಗ ಬ್ಲಾಕ್, ಮೇಲಿನ ಮುಚ್ಚಳ ಸಿಲಿಂಡರ್ ಹೆಡ್. ಎರಡರ ನಡುವಿನ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನೊಳಗೆ ಉರಿಯುವ ಅನಿಲದ ಬಿಸಿ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಮಗ್ಗುಲಲ್ಲೇ ತಂಪಿನ ನೀರು ಹರಿಯುವ ದಾರಿ, ಇನ್ನೊಂದು ಮಗ್ಗುಲಲ್ಲಿ ಒತ್ತಡದಲ್ಲಿ ಮೇಲೇರುವ ಆಯಿಲ್. ಬೆಂಕಿ, ನೀರು, ಎಣ್ಣೆ ಒಂದಕ್ಕೊಂದು ಸೇರದಂತೆ ತಡೆಯುವುದು ಈ ಹಾಳೆಯ ಕೆಲಸ. ಅದಕ್ಕೆ ಸ್ವಂತ ಬಲ ಅಷ್ಟಿಲ್ಲ. ಮೇಲಿಂದ ಕೆಳಗಿಂದ ಸಮನಾಗಿ ಬಿಗಿ ಹಿಡಿದಿದ್ದರೆ ಮಾತ್ರ ತಡೆಯುತ್ತದೆ.

ಎಂಜಿಎಫ್‌ನ ಎಂಜಿನ್ನಿಗೆ ರೋವರ್ ಕಂಪನಿ ಇಟ್ಟ ಹೆಸರು ಕೆ ಸೀರೀಸ್. ಎಂಬತ್ತರ ದಶಕದ ಕೊನೆಗೆ 1.1 ಮತ್ತು 1.4 ಲೀಟರಿನಲ್ಲಿ ಶುರುವಾದ ಇದು ಆ ಕಾಲಕ್ಕೆ ಧೈರ್ಯದ ವಿನ್ಯಾಸ. ಹೆಡ್, ಬ್ಲಾಕ್, ಕೆಳಗಿನ ಬೇರಿಂಗ್ ಚೌಕಟ್ಟು ಎಲ್ಲವೂ ಅಲ್ಯೂಮಿನಿಯಂ. ಸಾಮಾನ್ಯವಾಗಿ ಹೆಡ್ ಬೋಲ್ಟು ಬ್ಲಾಕಿಗೆ ತಿರುಚಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಅಡಿಗಿಂತ ಉದ್ದದ ಹತ್ತು ಬೋಲ್ಟುಗಳು ಹೆಡ್ಡಿನಿಂದ ಇಳಿದು, ಬ್ಲಾಕನ್ನು ತೂರಿ, ತಳದ ಆಯಿಲ್ ರೈಲ್ ಎಂಬ ಪಟ್ಟಿಗೆ ಕಚ್ಚಿಕೊಳ್ಳುತ್ತವೆ. ಇಡೀ ಎಂಜಿನ್ ಒಂದೇ ಕಟ್ಟಿನಂತೆ ಬಿಗಿಯುವುದರಿಂದ ತೂಕ ಕಡಿಮೆ, ಗಟ್ಟಿತನ ಹೆಚ್ಚು. ಒಳಗೆ ಹಿಡಿಸುವ ನೀರೂ ಸ್ವಲ್ಪವೇ, ಹಾಗಾಗಿ ಚಳಿಯಲ್ಲೂ ಬೇಗ ಬಿಸಿಯಾಗುತ್ತದೆ. ಜಾಣ ಕೆಲಸ ಇದು, ಅದರಲ್ಲಿ ಎರಡು ಮಾತಿಲ್ಲ.

ತೊಡಕು ಬಂದದ್ದು ಅದನ್ನು 1.8 ಲೀಟರಿಗೆ ಹಿಗ್ಗಿಸಿದಾಗ. ಬ್ಲಾಕಿನ ಹೊರ ಅಳತೆ ಹಾಗೆಯೇ ಇಟ್ಟು ಸಿಲಿಂಡರಿನ ವ್ಯಾಸವನ್ನು 75 ಮಿಲಿಮೀಟರಿನಿಂದ 80ಕ್ಕೆ ಏರಿಸಿದರು. ಪಿಸ್ಟನ್ ಓಡಾಡುವ ಕಬ್ಬಿಣದ ಲೈನರುಗಳನ್ನು ಅದಕ್ಕಾಗಿ ಬೇರೆ ರೀತಿಯಲ್ಲಿ ಕೂರಿಸಬೇಕಾಯಿತು. ಲೈನರಿನ ಮೇಲಿನ ಅರ್ಧಕ್ಕೆ ಸುತ್ತ ನೀರು, ಕೆಳಗಿನ ಅರ್ಧ ಬ್ಲಾಕಿಗೆ ತಾಗಿಕೊಂಡಿರುತ್ತದೆ, ನಡುವೆ ಒಂದು ಅಂಚಿನ ಮೇಲೆ ಲೈನರಿನ ಭಾರವೆಲ್ಲ. ಲೈನರಿನ ಬಾಯಿ ಬ್ಲಾಕಿನ ಮುಖಕ್ಕಿಂತ ಚೂರು ಮೇಲೆದ್ದಿರಬೇಕು. ಎಷ್ಟೆಂದರೆ ಸುಮಾರು 0.1 ಮಿಲಿಮೀಟರು. ಗ್ಯಾಸ್ಕೆಟ್ಟಿನ ಬೆಂಕಿ ತಡೆಯುವ ಉಂಗುರ ಕೂರುವುದು ಆ ಚೂರಿನ ಮೇಲೆಯೇ. ಎಂಜಿನ್ ಮಿತಿಮೀರಿ ಬಿಸಿಯಾದರೆ ಅಲ್ಯೂಮಿನಿಯಂ ಅಂಚು ಒತ್ತಿಹೋಗಿ ಲೈನರ್ ಕುಸಿಯುತ್ತದೆ. ಉಂಗುರದ ಮೇಲಿನ ಹಿಡಿತ ಸಡಿಲವಾಗಿ ಉರಿ ಅನಿಲ ನೀರಿನ ದಾರಿಗೆ ನುಗ್ಗುತ್ತದೆ.

ಹಿಗ್ಗು ಕುಗ್ಗಿನ ಲೆಕ್ಕವನ್ನೂ ನೋಡಬೇಕು. ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುವ ಲೋಹ. ನಾನೂರು ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ತುಂಡು 80 ಡಿಗ್ರಿ ಬಿಸಿಯೇರಿದರೆ ಸುಮಾರು ಮುಕ್ಕಾಲು ಮಿಲಿಮೀಟರ್ ಉದ್ದವಾಗುತ್ತದೆ. ಹೆಡ್ ಮತ್ತು ಬ್ಲಾಕ್ ಒಟ್ಟಿಗೇ ಹಿಗ್ಗಿದರೆ ತೊಂದರೆಯಿಲ್ಲ. ಒಂದು ಬಿಸಿಯಿದ್ದು ಇನ್ನೊಂದು ತಟ್ಟನೆ ತಣ್ಣಗಾದರೆ ನಡುವೆ ಸಿಕ್ಕ ಗ್ಯಾಸ್ಕೆಟ್ ಅತ್ತಿತ್ತ ಉಜ್ಜುತ್ತದೆ. ಮೊದಲ ವರ್ಷಗಳ ಗ್ಯಾಸ್ಕೆಟ್ಟಿನಲ್ಲಿ ನೀರು ಮತ್ತು ಆಯಿಲ್ ದಾರಿಗಳ ಸುತ್ತ ರಬ್ಬರಿನಂಥ ಗೆರೆಯೊಂದನ್ನು ಅಂಟಿಸಿದ್ದರು. ಈ ಉಜ್ಜಾಟಕ್ಕೆ ಅದು ಕಿತ್ತುಬರುತ್ತಿತ್ತು. ಹೆಡ್ಡನ್ನು ಸ್ಥಳದಲ್ಲಿ ಹಿಡಿಯುವ ಡೋವೆಲ್ ಗೂಟಗಳೂ ಆಗ ಪ್ಲಾಸ್ಟಿಕ್ಕಿನವು. ಮುಂದೆ ಉಕ್ಕಿನವು ಬಂದವು.

ಈ ತಟ್ಟನೆ ತಣ್ಣಗಾಗುವಿಕೆ ಎಲ್ಲಿಂದ ಬಂತು? ಉತ್ತರ ಎಂಜಿಎಫ್‌ನ ಮೈಕಟ್ಟಿನಲ್ಲೇ ಇದೆ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದಿನ ಮೂತಿಯಲ್ಲಿ. ನೀರು ಕಾರಿನ ಹೊಟ್ಟೆಯಡಿ ಹಾದ ಉದ್ದನೆಯ ಲೋಹದ ಪೈಪುಗಳಲ್ಲಿ ಹೋಗಿ ಬರಬೇಕು. ಬಹಳಷ್ಟು ಕಾರುಗಳಲ್ಲಿ ಬಿಸಿ ನೋಡಿ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಇರುವುದು ಬಿಸಿನೀರು ಹೆಡ್ಡಿನಿಂದ ಹೊರಬೀಳುವ ಜಾಗದಲ್ಲಿ. ಕೆ ಸೀರೀಸ್‌ನಲ್ಲಿ ಅದು ತಂಪುನೀರು ವಾಟರ್ ಪಂಪಿಗೆ ಮರಳುವ ಕಡೆ. ಚಳಿಯ ಬೆಳಿಗ್ಗೆ ಗಾಡಿ ಹೊರಟಿತೆನ್ನಿ. ಎಂಜಿನ್ನಿನಲ್ಲಿರುವ ಸ್ವಲ್ಪ ನೀರು ಬೇಗ ಕಾದು ಥರ್ಮೋಸ್ಟಾಟ್ ಬಾಯಿ ತೆರೆಯುತ್ತದೆ. ಅಷ್ಟು ಹೊತ್ತೂ ರೇಡಿಯೇಟರ್ ಮತ್ತು ಪೈಪುಗಳಲ್ಲಿ ಕೊರೆಯುತ್ತ ನಿಂತಿದ್ದ ನೀರು ಒಮ್ಮೆಲೇ ಕಾದ ಬ್ಲಾಕಿಗೆ ನುಗ್ಗುತ್ತದೆ. ಥರ್ಮೋಸ್ಟಾಟ್ ಮುಚ್ಚುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ತೆರೆಯುತ್ತದೆ. ಹೀಗೆ ಬಿಸಿ ತಂಪಿನ ಏರಿಳಿತ ನಡೆದೇ ಇರುತ್ತದೆ, ಆಕ್ಸಿಲರೇಟರ್ ಜೋರಾಗಿ ತುಳಿದಷ್ಟೂ ಹೊಡೆತ ಹೆಚ್ಚು. 1996ರಲ್ಲಿ ಬಂದ ಲೋಟಸ್ ಎಲೀಸ್‌ಗೂ ಇದೇ ಎಂಜಿನ್, ಇದೇ ಏರ್ಪಾಡು.

ಇದಕ್ಕೆ ಪರಿಹಾರವಾಗಿ ಮುಂದೆ ಬಂದದ್ದು ಪ್ರೆಷರ್ ರಿಲೀಫ್ ಥರ್ಮೋಸ್ಟಾಟ್, ಅಂದರೆ ಪಿಆರ್‌ಟಿ. ಇದು ಎಂಜಿನ್ನಿನ ಹೊರಗೆ, ಹೋಸ್ ಪೈಪುಗಳ ನಡುವೆ ಕೂರುತ್ತದೆ. ಬಿಸಿಗೆ ಮಾತ್ರವಲ್ಲ, ಎಂಜಿನ್ ವೇಗವಾಗಿ ತಿರುಗಿ ಪಂಪಿನ ಒತ್ತಡ ಹೆಚ್ಚಿದಾಗಲೂ ತೆರೆದುಕೊಳ್ಳುವುದರಿಂದ ಬಿಸಿನೀರೂ ತಣ್ಣೀರೂ ಮೊದಲೇ ಬೆರೆತು ಒಳಗೆ ಹೋಗುತ್ತವೆ. ಎಂಜಿಎಫ್ ಇಟ್ಟುಕೊಳ್ಳುವವರು ಮಾಡಿಸಬಹುದಾದ ಸುಧಾರಣೆಗಳಲ್ಲಿ ನಾನು ಮೊದಲ ಸಾಲಿಗೆ ಸೇರಿಸುವುದು ಇದನ್ನೇ.

ಇನ್ನು ನೀರಿನ ಮಾತು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಬಿಗಿಯಾಗಿದ್ದು ಒಳಗೆ ಒಂದು ಬಾರ್ ಒತ್ತಡ ಹೆಚ್ಚಿದರೆ ಕುದಿಬಿಂದು 120ರ ಹತ್ತಿರ ಹೋಗುತ್ತದೆ. ಕೂಲೆಂಟ್ ಬೆರೆಸಿದ್ದರೆ ಇನ್ನೂ ಮೇಲೆ. ನೀರು ತುಂಬುವ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಮುಚ್ಚಳದ ರಬ್ಬರ್ ಸೋತರೆ ಈ ಲಾಭವೆಲ್ಲ ಹೋಯಿತು. ನೀರು ಹೆಡ್ಡಿನ ಒಳಗೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ, ಆವಿಗೆ ನೀರಿನಷ್ಟು ಶಾಖ ಹೊತ್ತೊಯ್ಯುವ ಶಕ್ತಿಯಿಲ್ಲ. ಕೆಲವೇ ಪೌಂಡಿನ ಆ ಮುಚ್ಚಳವನ್ನು ಅನುಮಾನ ಬಂದಾಗಲೇ ಬದಲಿಸುವುದು ಒಳ್ಳೆಯದು. ಕೂಲೆಂಟನ್ನು ಬಣ್ಣ ನೋಡಿ ಬೆರೆಸಬೇಡಿ. ಯಾವ ಬಗೆಯದೆಂದು ಕೈಪಿಡಿಯಲ್ಲಿ ನೋಡಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕಿ.

ನೀರು ಸೋರುವ ಜಾಗಗಳು ಗೊತ್ತಿರುವಂಥವೇ. ಇನ್‌ಲೆಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಮೊದಲನೆಯದು. ಅಲ್ಲಿ ಸೋರಿದ ಹನಿ ಬಿಸಿ ಎಂಜಿನ್ ಮೇಲೆ ಆರಿಹೋಗುವುದರಿಂದ ನೆಲದ ಮೇಲೆ ಗುರುತೇ ಬೀಳದಿರಬಹುದು. ಹೆಡ್ ಗ್ಯಾಸ್ಕೆಟ್ ಹೋಯಿತು ಎಂದು ಹೆದರಿಸಿದ ಎಷ್ಟೋ ಪ್ರಕರಣಗಳಲ್ಲಿ ಶುರುವಾದದ್ದು ಇಲ್ಲಿಂದ. ಹೊಟ್ಟೆಯಡಿಯ ಪೈಪುಗಳಿಗೆ ಬ್ರಿಟನ್ನಿನ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ತಾಗಿ ತುಕ್ಕು ಹಿಡಿಯುತ್ತದೆ. ಅವನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸಿದರೆ ಆ ಚಿಂತೆ ಮುಗಿಯಿತು. ರೇಡಿಯೇಟರಿನ ತಳಭಾಗವೂ ಕೊಳೆಯುತ್ತದೆ. ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್; ಬೆಲ್ಟ್ ಬದಲಿಸುವಾಗ ಪಂಪನ್ನೂ ಹೊಸದು ಹಾಕಿಸಿಬಿಡಿ, ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಬಿಸಿ ತೋರಿಸುವ ಮೀಟರಿನ ಮುಳ್ಳನ್ನು ಪೂರ್ತಿ ನಂಬಿಕೊಂಡು ಕೂರುವಂತಿಲ್ಲ. ಬಿಸಿ ಸಾಕಷ್ಟು ಏರಿಳಿದರೂ ಮುಳ್ಳು ನಡುವೆಯೇ ನಿಂತಿರುವಂತೆ ಅದನ್ನು ಮಾಡಿರುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಹೇಳುತ್ತದೆ. ನೀರೆಲ್ಲ ಸೋರಿಹೋಗಿ ಅದು ಬರೀ ಗಾಳಿಯಲ್ಲಿದ್ದರೆ, ಹೆಡ್ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ತೆಪ್ಪಗಿರಬಹುದು. ಆದ್ದರಿಂದ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನಲ್ಲಿ ನೀರು ಇಳಿದರೆ ಕೂಗುವ ಅಲಾರಂ ಕೂರಿಸಿಕೊಳ್ಳುವುದು ಬಿಸಿಯ ಮೀಟರಿಗಿಂತ ಉಪಯುಕ್ತ. ಹೀಟರಿನ ಗಾಳಿಯೂ ಸುಳಿವು ಕೊಡುತ್ತದೆ. ಎಂಜಿನ್ ಚೆನ್ನಾಗಿ ಕಾದಿರುವಾಗ ಹೀಟರಿನಿಂದ ತಣ್ಣನೆಯ ಗಾಳಿ ಬಂತೆಂದರೆ ನೀರು ಕಡಿಮೆಯಾಗಿದೆ, ಇಲ್ಲವೇ ಏರ್ ಲಾಕ್ ಆಗಿದೆ.

ಏರ್ ಲಾಕ್ ಈ ಕಾರಿನ ಹಳೆಯ ಕಾಟ. ಇಷ್ಟು ಉದ್ದದ ದಾರಿಯಲ್ಲಿ ಗಾಳಿ ಎಲ್ಲಿ ಬೇಕಾದರೂ ಅಡಗಿ ಕೂರಬಹುದು. ರೇಡಿಯೇಟರಿನ ಮೇಲ್ಭಾಗ, ಮುಂದಿನ ಬಾನೆಟ್ ಅಡಿಯ ಹೀಟರ್ ಪೈಪು, ಹಿಂದೆ ಎಂಜಿನ್ ಬಳಿಯ ಪೈಪು ಹೀಗೆ ಮೂರು ಕಡೆ ಗಾಳಿ ಬಿಡುವ ಸ್ಕ್ರೂಗಳಿವೆ. ನೀರು ಬದಲಿಸಿದಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ತುಂಬಿ, ಒಂದೊಂದು ಸ್ಕ್ರೂವಿನಿಂದಲೂ ಗುಳ್ಳೆಯಿಲ್ಲದ ನೀರು ಬರುವವರೆಗೆ ಕಾಯಬೇಕು. ಆಮೇಲೆ ರೇಡಿಯೇಟರ್ ಫ್ಯಾನು ತಿರುಗುವವರೆಗೆ ಎಂಜಿನ್ ಓಡಿಸಿ, ಪೂರ್ತಿ ಆರಿದ ಮೇಲೆ ಮಟ್ಟ ನೋಡಬೇಕು. ಅವಸರದ ಗ್ಯಾರೇಜುಗಳು ಟ್ಯಾಂಕಿನ ಬಾಯಿಗೆ ಸುರಿದು ಕೈತೊಳೆದುಕೊಳ್ಳುವುದುಂಟು. ಅಂಥ ಕಡೆ ಗಾಡಿ ಬಿಡಬೇಡಿ.

ಓಡಿಸುವ ರೀತಿಯೂ ಮುಖ್ಯ. ಮುಳ್ಳು ನಡುವಿಗೆ ಬಂದಮಾತ್ರಕ್ಕೆ ಎಂಜಿನ್ ಹದಕ್ಕೆ ಬಂದಿರುವುದಿಲ್ಲ, ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ಮೊದಲ ಕೆಲವು ಮೈಲು 3,000 ಆರ್‌ಪಿಎಂ ಒಳಗೇ ಇರಿ. ಜೋರಾಗಿ ಓಡಿಸಿ ಬಂದ ಮೇಲೆ ಕೊನೆಯ ಮೈಲನ್ನು ಸಾವಕಾಶವಾಗಿ ಕ್ರಮಿಸಿ. ಸೀಟಿನ ಹಿಂದೆ ಹುದುಗಿದ ಎಂಜಿನ್ನಿಗೆ ನಿಂತಾಗ ಗಾಳಿ ತಾಗದು. ಅದಕ್ಕೆಂದೇ ಎಂಜಿನ್ ಕೋಣೆಗೊಂದು ಪ್ರತ್ಯೇಕ ಫ್ಯಾನು ಇದೆ. ಅದು ತಿರುಗುತ್ತಿದೆಯೇ ಎಂದು ಆಗಾಗ ಕಿವಿಗೊಡಿ. ಮುಳ್ಳು ಮೇಲೇರಿತೆಂದರೆ ಎಸಿ ಆರಿಸಿ, ಹೀಟರನ್ನೂ ಅದರ ಫ್ಯಾನನ್ನೂ ಪೂರ್ತಿ ತಿರುಗಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮನೆ ಹತ್ತಿರವೇ ಇದೆ ಎಂದು ಓಡಿಸಿದ ಆ ಎರಡು ಮೈಲಿಯಲ್ಲೇ ಹೆಡ್ ಹಾಳಾಗುವುದು. ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ, ಮೈ ಸುಟ್ಟುಕೊಳ್ಳುತ್ತೀರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ.

ಗ್ಯಾಸ್ಕೆಟ್ ಹೋದದ್ದನ್ನು ಗುರುತಿಸುವಲ್ಲಿ ತಪ್ಪು ತೀರ್ಪುಗಳು ಬಹಳ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಹೆಚ್ಚಾದ ಕಾಫಿಯಂಥ ಜಿಡ್ಡು ಕಂಡರೆ ಎಲ್ಲರೂ ಗಾಬರಿಯಾಗುತ್ತಾರೆ. ಚಳಿಗಾಲದಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಕಾರಿನಲ್ಲಿ ಆವಿ ತಣಿದೂ ಇದು ಆಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲೂ ಹಾಗೇ ಇದ್ದರೆ ಚಿಂತಿಸಬೇಕು. ತಣ್ಣನೆಯ ಎಂಜಿನ್ ಶುರುಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಪೈಪು ಕಲ್ಲಿನಂತೆ ಬಿಗಿದುಕೊಂಡರೆ, ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಅನಿಲ ನೀರಿಗೆ ಸೇರುತ್ತಿದೆ ಎಂದರ್ಥ. ಗ್ಯಾರೇಜಿನಲ್ಲಿ ಟ್ಯಾಂಕಿನ ಬಾಯಿಗಿಟ್ಟು ನೋಡುವ ನೀಲಿ ದ್ರಾವಣ ಹಳದಿಗೆ ತಿರುಗಿದರೆ ಇನ್ನು ಅನುಮಾನ ಉಳಿಯುವುದಿಲ್ಲ.

ಬಿಚ್ಚಿಸಬೇಕಾಗಿ ಬಂದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚುವವರಿಗೆ ಕೆಲಸ ಕೊಡಬೇಡಿ. ಹೆಡ್ ತೆಗೆದ ಮೇಲೆ ಲೈನರುಗಳನ್ನು ಹಿಡಿದಿಡುವ ಪಟ್ಟಿ ಹಾಕದೆ ಎಂಜಿನ್ ತಿರುಗಿಸಿದರೆ ಲೈನರ್ ಎದ್ದುಬಂದು ಕೆಳಗಿನ ಸೀಲು ಹಾಳಾಗುತ್ತದೆ. ನಾಲ್ಕೂ ಲೈನರುಗಳ ಎತ್ತರ ಅಳೆಯಬೇಕು. ಹೆಡ್ಡಿನ ಮುಖ ಸಮತಟ್ಟಾಗಿದೆಯೇ, ಬಿಸಿಗೆ ಲೋಹ ಮೆತ್ತಗಾಗಿದೆಯೇ ಎಂದೂ ಪರೀಕ್ಷಿಸಬೇಕು. ಮೆತ್ತಗಾದ ಹೆಡ್ಡಿಗೆ ಎಂಥ ಗ್ಯಾಸ್ಕೆಟ್ ಹಾಕಿದರೂ ಲೈನರಿನ ಅಂಚು ಅದರೊಳಕ್ಕೆ ಇಳಿಯುತ್ತದೆ. ಎಲ್ಲ ಸರಿಯಿದ್ದರೆ ಹಲವು ಪದರದ ಉಕ್ಕಿನ ಗ್ಯಾಸ್ಕೆಟ್, ಉಕ್ಕಿನ ಡೋವೆಲ್, ಹೊಸ ಬೋಲ್ಟು, ಜೊತೆಗೆ ಬಲಪಡಿಸಿದ ಆಯಿಲ್ ರೈಲ್ ಹಾಕಿಸಿ. ಬೋಲ್ಟು ಬಿಗಿಯುವ ಕ್ರಮ 20 ನ್ಯೂಟನ್ ಮೀಟರ್, ಆಮೇಲೆ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು, ನಡುವಿನಿಂದ ಹೊರಕ್ಕೆ. ಇಷ್ಟೂ ಮಾಡಿಸಿದ ಕೆ ಸೀರೀಸ್ ನಂಬಿ ಓಡಿಸಬಹುದಾದ ಎಂಜಿನ್ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಾರು ತಯಾರಿಸುತ್ತಿದ್ದ ಎಂಜಿ ರೋವರ್ ಕಂಪನಿ 2005ರಲ್ಲಿ ಮುಚ್ಚಿತು. ಈಗ ಮಾರಾಟಕ್ಕೆ ಸಿಗುವ ಎಂಜಿಎಫ್‌ಗಳೆಲ್ಲ ಕೈ ಬದಲಾಯಿಸಿದವೇ. ಕೊಳ್ಳಲು ಹೋಗುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಶುರುಮಾಡಿ ಕಾಯಿಸಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ನೀರಿನ ಮಟ್ಟ ನೋಡಿ, ಅರ್ಧ ಗಂಟೆ ಓಡಿಸಿ, ಆರಿದ ಮೇಲೆ ಮತ್ತೆ ನೋಡಿ. ಗ್ಯಾಸ್ಕೆಟ್ ಬದಲಿಸಿದ್ದೇವೆ ಎಂದರೆ ಲೈನರ್ ಎತ್ತರ ಎಷ್ಟಿತ್ತು ಎಂದು ಕೇಳಿ, ಬರೆದಿಟ್ಟ ಬಿಲ್ ತೋರಿಸಲು ಹೇಳಿ. ಉತ್ತರ ಸಿಗದಿದ್ದರೆ ಹೊಸದಾಗಿ ಹೆಡ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಿಗೆ ಕೂರಿ.